ಮಂಡಿ ಆಪರೇಷನ್ ಆದ ಕಾಲಿಗೆ ಐಸ್: ಮಳೆಗಾಲದಲ್ಲಿ ಹೇಗೆ ಇಡ್ತೀರಿ?

ಘಾಟಿ ಮೇಲಿನವಳು:
ಅತ್ತೆಯ ಬಲಗಾಲಿನ ಮಂಡಿ ಬದಲಿಸಿ, ಹೋದ ವಾರ ಹಾಸನದಿಂದ ಮನೆಗೆ ಕರ್ಕೊಂಡು ಬಂದ್ವಿ. ಚೀಟಿಯಲ್ಲಿ ‘ಐಸ್ ಇಡಿ’ ಅಂತ ಇದೆ, ಅಷ್ಟೇ. ನಮ್ಮನೆ ಕೊಟ್ಟಿಗೆಹಾರದ ಹತ್ತಿರ. ಮಳೆ ಹಿಡಿದರೆ ಕರೆಂಟಿನ ಕಥೆ ಗೊತ್ತಲ್ಲ, ಬೆಳಿಗ್ಗೆ ಇಟ್ಟ ಟ್ರೇ ಸಂಜೆಗೂ ಅರ್ಧ ನೀರು. ಅತ್ತೆ ಬೇರೆ, “ಈ ಥಂಡಿಯಲ್ಲಿ ಐಸ್ ಇಟ್ರೆ ಶೀತ ಮೂಳೆಗೇ ಇಳಿಯುತ್ತೆ, ಬಿಸಿನೀರಿನ ಶಾಖ ಕೊಡು ಮಾರಾಯ್ತಿ” ಅಂತಾರೆ. ನೋಡೋಕೆ ಬಂದ ನೆಂಟರು ನೀಲಗಿರಿ ಎಣ್ಣೆ ಬಾಟಲಿ ಇಟ್ಟು ಹೋಗಿದ್ದಾರೆ. ಮಂಡಿ ಮುಟ್ಟಿದರೆ ಬಿಸಿ, ಸಂಜೆಗೆ ಪಾದದವರೆಗೂ ಊತ. ಎಷ್ಟು ಹೊತ್ತು ಇಡೋದು? ಬ್ಯಾಂಡೇಜ್ ಮೇಲೇ ಇಡಬಹುದಾ? ಅವರಿಗೆ ಶುಗರ್ ಇದೆ.

ಬಣಕಲ್ ಹುಡುಗ:
ಅಕ್ಕಾ, ಚಾರ್ಮಾಡಿ ಹತ್ತಿ ಬರೋ ಮೀನಿನ ಗಾಡಿಯವರನ್ನ ಕೇಳಿ, ಐಸ್ ಪುಡಿ ಕೊಡ್ತಾರೆ. ನಮ್ಮಪ್ಪನ ಕಾಲಿಗೆ ಅದನ್ನೇ ಎರಡು ಪ್ಲಾಸ್ಟಿಕ್ ಕವರ್‌ಗೆ ಕಟ್ಟಿ ಇಟ್ವಿ. ಒಂದೇ ಕವರ್ ಆದ್ರೆ ಹಾಸಿಗೆ ತುಂಬ ಬಂಗುಡೆ ವಾಸನೆ, ಅಮ್ಮನ ಬೈಗುಳ ಬೇರೆ. ಇಲ್ಲದಿದ್ರೆ ಫ್ರೋಜನ್ ಬಟಾಣಿ ಪ್ಯಾಕೆಟ್, ಮಂಡಿ ಸುತ್ತ ಚೆನ್ನಾಗಿ ಕೂರುತ್ತೆ.

ಫಿಸಿಯೋ, ಹಾಸನ:
ಅರ್ಧ ಕರಗಿದ ಐಸ್ ಅಂತ ಬೇಜಾರಾಗಬೇಡಿ, ನನಗೆ ಅದೇ ಇಷ್ಟ. ನೀರು ಬೆರೆತ ಐಸ್ 0 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕ್ ಮೈನಸ್ 18ರವರೆಗೂ ಇರಬಹುದು, ಚರ್ಮ ಸುಡೋದು ಅದರಿಂದಲೇ ಜಾಸ್ತಿ. ತೆಳು ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ. ಬ್ಯಾಂಡೇಜ್ ಮೇಲೆ ಇಡಬಹುದು, ಆದರೆ ಒದ್ದೆ ಆಗಲೇಬಾರದು. ವ್ಯಾಯಾಮ ಮುಗಿದ ಮೇಲೆ ಇಟ್ಟರೆ ಹಿತ.

ಈಗ ಶಾಖ ಬೇಡ, ಬಿಸಿಗೆ ರಕ್ತ ಓಡಾಟ ಹೆಚ್ಚಿ ಊತ ಇನ್ನೂ ಏರುತ್ತೆ. ಎಣ್ಣೆಯಂತೂ ಗಾಯದ ಹತ್ತಿರ ಸುಳಿಯೋದೂ ಬೇಡ. ಮಲಗಿಸಿ, ಕಾಲನ್ನ ಎದೆಗಿಂತ ಎತ್ತರಕ್ಕೆ ಇಡಿ. ದಿಂಬು ಹಿಮ್ಮಡಿ ಕಡೆಗೆ, ಮಂಡಿ ಕೆಳಗಲ್ಲ. ಎಲ್ಲರ ಮನೆಯಲ್ಲೂ ಮಂಡಿ ಕೆಳಗೇ ತುರುಕಿರ್ತಾರೆ. ಹಾಯಾಗಿರುತ್ತೆ ನಿಜ, ಆಮೇಲೆ ಕಾಲು ಪೂರ್ತಿ ನೆಟ್ಟಗಾಗೋದಿಲ್ಲ.

ಶುಗರ್ ಇರೋದರಿಂದ ಅವರ ಕಣ್ಣು ಮುಚ್ಚಿಸಿ ಕಾಲಿಗೆ ಹತ್ತಿ ಮುಟ್ಟಿಸಿ ನೋಡಿ. ಗೊತ್ತಾಗದಿದ್ದರೆ ಡಾಕ್ಟರನ್ನ ಕೇಳದೆ ಐಸ್ ಬೇಡ. ಐಸಿಂದ ನೋವು ಸ್ವಲ್ಪ ತಗ್ಗುತ್ತೆ, ಅಷ್ಟೇ. ಮಾತ್ರೆ, ವ್ಯಾಯಾಮ ಬಿಡಿಸಬೇಡಿ. ಊತ ಕೆಲವು ತಿಂಗಳು ಇರಬಹುದು. ಮೀನಖಂಡ ಬಿಗಿದು ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ತೋರಿಸಿ. ಉಸಿರು ಕಟ್ಟಿದ ಹಾಗಾದರೆ ಫೋನ್ ಮಾಡ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಘಾಟಿ ಮೇಲಿನವಳು:
ಹತ್ತಿ ಮುಟ್ಟಿಸಿದೆ. ಪಾದದಲ್ಲಿ ಗೊತ್ತಾಗುತ್ತೆ. ಹೊಲಿಗೆಯ ಹೊರಬದಿಗೆ ಅಂಗೈಯಗಲ ಏನೂ ಗೊತ್ತಾಗಲ್ಲ ಅಂತಾರೆ. ಗಾಬರಿಯಾಯ್ತು.

ಫಿಸಿಯೋ, ಹಾಸನ:
ಗಾಬರಿ ಬೇಡ. ಕೊಯ್ಯುವಾಗ ಚರ್ಮದ ಸಣ್ಣ ನರ ತುಂಡಾಗುತ್ತೆ, ಆ ಜಾಗ ಸಾಮಾನ್ಯವಾಗಿ ಜೋಮು ಇರುತ್ತೆ. ಆದರೆ ಅಲ್ಲಿ ಐಸ್ ಸುಟ್ಟರೂ ಅವರಿಗೆ ತಿಳಿಯಲ್ಲ. ನಾಳೆ ಡಾಕ್ಟರಿಗೆ ಹೇಳಿ. ಅವರು ಒಪ್ಪಿದರೆ ಐದೈದು ನಿಮಿಷಕ್ಕೆ ಟವೆಲ್ ಎತ್ತಿ ನೀವೇ ಚರ್ಮ ನೋಡಿ, ಬಿಳಚಿದ್ದರೆ ತೆಗೆದುಬಿಡಿ.