ಕ್ಯಾಲ್ಸಿಯಂ ಹಾಕಿಸಿದ ಹಸು ಮರುದಿನ ಮತ್ತೆ ಮಲಗಿದರೆ ತಪ್ಪು ಚಿಕಿತ್ಸಾಲಯದ್ದೇ?

ಪ್ರಶ್ನೆ (ಚಿಂತಾಮಣಿ ತಾಲ್ಲೂಕಿನ ಹೈನುಗಾರ):
ಡಾಕ್ಟರಿಗೆ ನಮಸ್ಕಾರ. ನಮ್ಮ ನಾಲ್ಕನೇ ಸೂಲಿನ ಸೀಮೆಹಸು ಸೋಮವಾರ ರಾತ್ರಿ ಕರು ಹಾಕಿತು. ಮಂಗಳವಾರ ಸಂಜೆ ನಿಲ್ಲಲಾರದೆ ಕುಸಿದು, ತಲೆಯನ್ನು ಪಕ್ಕೆಯ ಕಡೆಗೆ ಮಡಚಿಕೊಂಡು ಕುಳಿತುಬಿಟ್ಟಿತು. ಪಟ್ಟಣದ ಖಾಸಗಿ ಪಶು ಚಿಕಿತ್ಸಾಲಯದ ವೈದ್ಯರು ಬಂದು ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಹಾಕಿದರು. ಅರ್ಧ ಗಂಟೆಯಲ್ಲಿ ಹಸು ಎದ್ದು ನಿಂತಿತು. ಅವರ ಕೈಗುಣವನ್ನು ಊರೆಲ್ಲ ಹೊಗಳಿದೆವು. ಆದರೆ ಬುಧವಾರ ಮಧ್ಯಾಹ್ನ ಹಸು ಮತ್ತೆ ಮಲಗಿತು. ಮತ್ತೆ ಅದೇ ಬಾಟಲಿ, ಮತ್ತೆ ಶುಲ್ಕ. ಎರಡು ಸಲ ಕರೆಸಿಕೊಳ್ಳಲೆಂದೇ ಮೊದಲ ದಿನ ಅರ್ಧ ಚಿಕಿತ್ಸೆ ಕೊಡುತ್ತಾರೆ ಎಂದು ನೆರೆಯವರು ಹೇಳುತ್ತಿದ್ದಾರೆ. ಗಬ್ಬದ ಕೊನೆಯ ಎರಡು ತಿಂಗಳು ಮೆಡಿಕಲ್ ಅಂಗಡಿಯ ಕ್ಯಾಲ್ಸಿಯಂ ದ್ರಾವಣವನ್ನು ದಿನವೂ ತಪ್ಪದೆ ಕುಡಿಸಿದ್ದೆವು. ಹೀಗಿರುವಾಗ ಕ್ಯಾಲ್ಸಿಯಂ ಕೊರತೆ ಬಂದದ್ದಾದರೂ ಹೇಗೆ?

ಉತ್ತರ (ನಿವೃತ್ತ ಪಶು ವೈದ್ಯಾಧಿಕಾರಿ):
ನೀವು ವಿವರಿಸಿರುವುದು ಹಾಲುಜ್ವರ, ಅಂದರೆ ಕರು ಹಾಕಿದ ಹೊತ್ತಿನಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿಯುವ ತೊಂದರೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವುದಿಲ್ಲ. ಕಿವಿಗಳು ತಣ್ಣಗಾಗಿ, ಮೈಯ ತಾಪಮಾನ ಸಾಮಾನ್ಯಕ್ಕಿಂತ ಕೆಳಗೆ ಇಳಿಯುತ್ತದೆ. ಮೂರನೇ ಸೂಲು ದಾಟಿದ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ, ಕರು ಹಾಕಿದ ಮೊದಲ ಮೂರು ದಿನಗಳೊಳಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಹಸು ಮರುದಿನ ಮಲಗಿದ ಕಾರಣವನ್ನು ಲೆಕ್ಕದಿಂದ ತಿಳಿಯುವುದು ಸುಲಭ. 10 ಲೀಟರ್ ಗಿಣ್ಣುಹಾಲಿನ ಜೊತೆಗೆ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ, ಆದರೆ ಹಸುವಿನ ರಕ್ತದ್ರವದಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 3 ಗ್ರಾಂ ಮಾತ್ರ. ಉಳಿದದ್ದನ್ನು ಮೂಳೆಯಿಂದ ಎಳೆದು, ಮೇವಿನಿಂದ ಹೀರಿ ತುಂಬಿಸಿಕೊಳ್ಳುವ ವ್ಯವಸ್ಥೆ ಚುರುಕಾಗಲು ಒಂದೆರಡು ದಿನ ಬೇಕು. ವೈದ್ಯರು ಹಾಕಿದ ಬಾಟಲಿ ಆ ಅಂತರವನ್ನು ಕೆಲವು ಗಂಟೆಗಳ ಮಟ್ಟಿಗೆ ತುಂಬುತ್ತದೆಯೇ ಹೊರತು ಒಳಗಿನ ವ್ಯವಸ್ಥೆಯನ್ನು ಸರಿಪಡಿಸುವುದಿಲ್ಲ. ಹಾಗಾಗಿ ಸರಿಯಾದ ಚಿಕಿತ್ಸೆ ಪಡೆದ ಹಸುಗಳಲ್ಲಿಯೂ ಕೆಲವು ಮತ್ತೆ ಮಲಗುತ್ತವೆ. ಇದಕ್ಕಾಗಿ ವೈದ್ಯರನ್ನು ದೂರುವುದು ಸರಿಯಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕಹಿಯಾಗಿದೆ. ಬತ್ತಿಸಿದ ಅವಧಿಯಲ್ಲಿ, ಅಂದರೆ ಗಬ್ಬದ ಕೊನೆಗೆ ಹಾಲು ಕರೆಯುವುದನ್ನು ನಿಲ್ಲಿಸಿದ ದಿನಗಳಲ್ಲಿ, ಕ್ಯಾಲ್ಸಿಯಂ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ಅದನ್ನು ಬಿಡಿಸಿಕೊಳ್ಳುವ ಗ್ರಂಥಿ ಕೆಲಸವಿಲ್ಲದೆ ಸೋಮಾರಿಯಾಗುತ್ತದೆ; ಕರು ಹಾಕಿದ ದಿನ ಏಕಾಏಕಿ ಕೆಲಸ ಬಂದಾಗ ತಕ್ಷಣ ಎಚ್ಚೆತ್ತುಕೊಳ್ಳಲಾರದು. ನೀವು ಪ್ರೀತಿಯಿಂದ ಕುಡಿಸಿದ ದ್ರಾವಣ ಈ ತೊಂದರೆಗೆ ನೆರವಾಗಿರುವ ಸಾಧ್ಯತೆಯೇ ಹೆಚ್ಚು. ಅಂಥ ದ್ರಾವಣ ಅಥವಾ ಜೆಲ್ ಕೊಡಬೇಕಾದದ್ದು ಕರು ಹಾಕುವ ಹೊತ್ತಿನಲ್ಲಿ ಮತ್ತು ಅದರ ನಂತರ, ಅದೂ ಹಸು ಎದ್ದು ನಿಂತು ಚೆನ್ನಾಗಿ ನುಂಗುತ್ತಿರುವಾಗ ಮಾತ್ರ. ಮಲಗಿದ ಹಸುವಿಗೆ ಬಾಯಿಯಿಂದ ಏನನ್ನೂ ಹುಯ್ಯಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮರು ಪ್ರಶ್ನೆ (ಅದೇ ಹೈನುಗಾರ):
ಹಾಗಾದರೆ ಚಿಕಿತ್ಸಾಲಯವನ್ನು ನಾವು ಯಾವುದರಿಂದ ಅಳೆಯಬೇಕು, ಡಾಕ್ಟರೇ? ನಮಗೆ ಕಾಣುವುದು ಹಸು ಎದ್ದಿತೋ ಇಲ್ಲವೋ ಎಂಬುದೊಂದೇ.

ಉತ್ತರ:
ವೈದ್ಯರು ಔಷಧಿಯ ಪೆಟ್ಟಿಗೆ ತೆರೆಯುವ ಮೊದಲು ಥರ್ಮಾಮೀಟರ್ ಇಟ್ಟರೇ, ಕರು ಹಾಕಿದ ವೇಳೆ ಕೇಳಿದರೇ, ಕೆಚ್ಚಲು ಮುಟ್ಟಿ ನೋಡಿದರೇ ಎಂಬುದನ್ನು ಗಮನಿಸಿ. ಕ್ಯಾಲ್ಸಿಯಂ ಹನಿಯುತ್ತಿರುವಾಗ ಸ್ಟೆತಾಸ್ಕೋಪ್ ಹಸುವಿನ ಎದೆಯ ಮೇಲೆ ಇರಬೇಕು, ಏಕೆಂದರೆ ವೇಗವಾಗಿ ಹಾಕಿದ ಕ್ಯಾಲ್ಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಐದೇ ನಿಮಿಷದಲ್ಲಿ ಬಾಟಲಿ ಖಾಲಿ ಮಾಡುವವರನ್ನು ಚುರುಕಿನವರೆಂದು ಜನ ಮೆಚ್ಚುವುದನ್ನು ನಾನು ನೋಡಿದ್ದೇನೆ. ನನಗಂತೂ ಅಂಥವರನ್ನು ಕಂಡರೆ ಭಯ. ಮತ್ತೆ ಮಲಗಬಹುದು ಎಂಬ ಮಾತನ್ನು ಹೊರಡುವ ಮುನ್ನ ಹೇಳಿದ್ದರೆ ನಿಮ್ಮ ನೆರೆಯವರಿಗೆ ಆಡಿಕೊಳ್ಳಲು ಅವಕಾಶವೇ ಇರುತ್ತಿರಲಿಲ್ಲ. ಅದನ್ನು ಹೇಳದಿದ್ದದ್ದು ಮಾತ್ರ ಆ ಚಿಕಿತ್ಸಾಲಯದ ಲೋಪ.

ಇನ್ನೊಂದು ಅನುಭವ (ಶ್ರೀನಿವಾಸಪುರದ ಹೈನುಗಾರ್ತಿ):
ನಮ್ಮ ಅನುಭವ ಬೇರೆ. ಕೆಚ್ಚಲು ಬಾವು ಬಂದ ಹಸುವಿಗೆ ಚಿಕಿತ್ಸಾಲಯದಿಂದ ಬಂದವರು ಮೂರು ದಿನ ಇಂಜೆಕ್ಷನ್ ಕೊಟ್ಟು, ತೊಟ್ಟಿಗೆ ಟ್ಯೂಬ್ ಏರಿಸಿದರು, ಬಾವು ಇಳಿಯಿತು. ಹಾಲು ಹಾಕಬಾರದೆಂದು ಯಾರೂ ಹೇಳಲಿಲ್ಲ. ಉಳಿದ ಮೂರು ತೊಟ್ಟುಗಳ ಹಾಲನ್ನು ಡೈರಿಗೆ ಹಾಕಿದೆವು. ಮನೆಯಲ್ಲಿ ಇಟ್ಟುಕೊಂಡ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಆಗಲಿಲ್ಲ. ಕೇಳಲು ಹೋದರೆ ಚೀಟಿ ಎಲ್ಲಿ ಎಂದರು. ಚೀಟಿಯನ್ನು ಅವರು ಕೊಟ್ಟೇ ಇರಲಿಲ್ಲ.

ಉತ್ತರ:
ಅಮ್ಮಾ, ನಿಮ್ಮ ದೂರು ಮೇಲಿನದಕ್ಕಿಂತ ಗಟ್ಟಿಯಾದದ್ದು. ಮೊಸರಾಗದಿರಲು ಕಾರಣ ಹಾಲಿನಲ್ಲಿ ಉಳಿದ ಆ್ಯಂಟಿಬಯಾಟಿಕ್ ಆಗಿರುವ ಸಾಧ್ಯತೆ ಹೆಚ್ಚು. ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೂ ಅದು ಬೆಳೆಯಗೊಡುವುದಿಲ್ಲ, ಕಾಯಿಸಿದ ಮಾತ್ರಕ್ಕೆ ಹೋಗುವುದೂ ಇಲ್ಲ. ಇಂಜೆಕ್ಷನ್ ರಕ್ತದ ಮೂಲಕ ಇಡೀ ಕೆಚ್ಚಲಿಗೆ ತಲುಪುವುದರಿಂದ ನಾಲ್ಕೂ ತೊಟ್ಟುಗಳ ಹಾಲನ್ನು ಚೆಲ್ಲಬೇಕು. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬದಲಾಗುತ್ತದೆ. ಲೇಬಲ್ ಮೇಲೆ ಅಚ್ಚಾಗಿರುವ ಅವಧಿಯನ್ನು ಕೊನೆಯ ಡೋಸಿನಿಂದ ಎಣಿಸಬೇಕು, ಮೊದಲನೆಯದರಿಂದಲ್ಲ.

ಬಂದವರು ಯಾರು ಎಂಬುದನ್ನೂ ವಿಚಾರಿಸಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ವೈದ್ಯರೇ ಚಿಕಿತ್ಸೆ ನೀಡಬೇಕು. ಸಹಾಯಕ ಸಿಬ್ಬಂದಿ ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಮಾತ್ರ ಮಾಡಬಹುದು. ನಮ್ಮ ಹಳ್ಳಿಗಳಲ್ಲಿ ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಂದವರೆಲ್ಲರನ್ನೂ ಡಾಕ್ಟರೆಂದೇ ಕರೆಯುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಔಷಧಿಯ ಹೆಸರು, ಪ್ರಮಾಣ, ಹಾಲು ಚೆಲ್ಲಬೇಕಾದ ದಿನಗಳು ಮತ್ತು ವೈದ್ಯರ ನೋಂದಣಿ ಸಂಖ್ಯೆ ಇರುವ ಚೀಟಿಯನ್ನು ಹಣ ಕೊಡುವ ಮೊದಲೇ ಕೇಳಿ. ಕೇಳಿದರೆ ಮುಂದಿನ ಸಲ ಬರುವುದಿಲ್ಲವೇನೋ ಎಂಬ ಅಂಜಿಕೆ ನಿಮಗಿರಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡುವ ದಾರಿಯೂ ಇದೆ.

ಮರು ಪ್ರಶ್ನೆ (ಚಿಂತಾಮಣಿಯ ಹೈನುಗಾರ):
ಎರಡನೇ ಬಾಟಲಿಯ ನಂತರ ಹಸು ಮೇವು ತಿನ್ನುತ್ತಿದೆ, ಆದರೆ ಇನ್ನೂ ಎದ್ದಿಲ್ಲ. ಈಗ ಏನು ಮಾಡಲಿ?

ಉತ್ತರ:
ಗಟ್ಟಿ ನೆಲದ ಮೇಲೆ ಹಲವು ಗಂಟೆ ಕುಳಿತರೆ ಅದರದೇ ಭಾರಕ್ಕೆ ಹಿಂಗಾಲಿನ ಸ್ನಾಯು ಮತ್ತು ನರಗಳು ಜಜ್ಜಿಹೋಗುತ್ತವೆ, ಆಮೇಲೆ ಕ್ಯಾಲ್ಸಿಯಂ ಸರಿಯಾದರೂ ಏಳಲಾಗುವುದಿಲ್ಲ. ಕೂಡಲೇ ಮರಳು ಅಥವಾ ದಪ್ಪನೆಯ ಹುಲ್ಲಿನ ಹಾಸಿಗೆಗೆ ಸರಿಸಿ, ಎದೆಯ ಮೇಲೆ ನೆಟ್ಟಗೆ ಕೂರುವಂತೆ ಎರಡೂ ಕಡೆ ಹುಲ್ಲಿನ ಮೂಟೆ ಒತ್ತಾಗಿಡಿ. ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇವತ್ತು ಹಾಲನ್ನು ಪೂರ್ತಿ ಹಿಂಡಬೇಡಿ, ಕರುವಿಗೆ ಬೇಕಾದಷ್ಟು ಮಾತ್ರ ತೆಗೆಯಿರಿ. ಅದೇ ವೈದ್ಯರನ್ನೇ ಈಗಲೇ ಕರೆಯಿರಿ, ಏಕೆಂದರೆ ಎರಡೂ ಬಾಟಲಿಗಳ ಲೆಕ್ಕ ಬಲ್ಲವರು ಅವರೇ.