ಧರೆ ಕುಸಿದ ಮೇಲೆ ಗೆಸ್ಟ್ ಬರುತ್ತಿಲ್ಲ, ಏನು ಮಾಡಲಿ?

ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು:
ಆಗುಂಬೆ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಹೋದ ಮಳೆಗಾಲದಲ್ಲಿ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿದು ರಸ್ತೆ ಮುಚ್ಚಿತ್ತು. ಹತ್ತೇ ದಿನದಲ್ಲಿ ಮಣ್ಣು ತೆಗೆದರು. ಆದರೆ ಆ ವಿಡಿಯೋ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ದೀಪಾವಳಿ ಬುಕಿಂಗ್ ಎಲ್ಲಾ ಕ್ಯಾನ್ಸಲ್. ರೇಟ್ ಅರ್ಧಕ್ಕೆ ಇಳಿಸಲಾ? ಹೇಗೂ ಖಾಲಿ ಇದೆ, ಹಿತ್ತಿಲ ಧರೆ ಕಡಿಸಿ ಎರಡು ಕಾಟೇಜ್ ಹಾಕಿಸೋಣ ಅಂತಲೂ ಯೋಚನೆ. ಅನುಭವ ಇದ್ದವರು ಹೇಳಿ.

ಕೊಟ್ಟಿಗೆಹಾರದ ಕಡೆಯಿಂದ:
ರೇಟ್ ಇಳಿಸಬೇಡಿ ಮಾರಾಯ್ರೆ. ನಾನು ಆ ತಪ್ಪು ಮಾಡಿದವನು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ಬಂದ್ ಆಯಿತು. ಆಮೇಲೂ ಮೊದಲು ಬಿಟ್ಟಿದ್ದು ಸಣ್ಣ ಗಾಡಿಗಳನ್ನು ಮಾತ್ರ. ನಮ್ಮಲ್ಲಿಗೆ ಬರುವವರು ಜಾಸ್ತಿ ಆ ಘಾಟಿ ಹತ್ತಿ ಬರುವ ಮಂಗಳೂರು ಕಡೆಯವರೇ. ಅರ್ಧ ರೇಟ್ ಅಂತ ಹಾಕಿದೆ. ಬಂದದ್ದು ಯಾರು? ಕುಡಿದು ಗಲಾಟೆ ಮಾಡುವ ಹುಡುಗರು. ಸಂಸಾರಸ್ಥರು ಆ ರೇಟ್ ನೋಡಿ, ಅಲ್ಲಿ ಇನ್ನೂ ಏನೋ ಸರಿಯಿಲ್ಲ ಅಂದುಕೊಂಡರು.

ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ರಸ್ತೆ ಒಂದನ್ನೇ. ಹಳೇ ಗೆಸ್ಟ್‌ಗಳ ನಂಬರ್ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಬೈಕಿನಲ್ಲಿ ಹೋಗಿ, ಕುಸಿದ ತಿರುವಿನಲ್ಲೇ ನಿಂತು ಅರ್ಧ ನಿಮಿಷದ ವಿಡಿಯೋ ಮಾಡಿ ಕಳಿಸುತ್ತಿದ್ದೆ. "ಇವತ್ತು ಇಂಥ ತಾರೀಕು. ಕಾರು ಹೋಗುತ್ತೆ, ಬಸ್ ಇಲ್ಲ. ಮಂಜು ಇದೆ, ರಾತ್ರಿ ಬರಬೇಡಿ." ಅಷ್ಟೇ. ಬರಬೇಡಿ ಅಂದಿದ್ದಕ್ಕೇ ನಂಬಿದರು ಅಂತ ಕಾಣುತ್ತೆ. ಬುಕಿಂಗ್ ಕ್ಯಾನ್ಸಲ್ ಮಾಡಿದವರಿಗೆ ಕೇಳಿದ ಕೂಡಲೇ ಅಡ್ವಾನ್ಸ್ ವಾಪಸ್ ಹಾಕಿದ್ದೆ, ಮೊದಲು ತಿರುಗಿ ಬಂದವರೂ ಅವರೇ.

ಇನ್ನೊಂದು ಮಾತು. ಹಾಗೆ ಬಂದ ಒಂದು ಕುಟುಂಬ ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲೆ ಮಳೆ ಬಿದ್ದ ಸದ್ದಿಗೆ ಎದ್ದು, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಾರಿನಲ್ಲಿ ಹೋಗಿ ಕೂತಿತ್ತು. ನಮಗೆ ಆ ಸದ್ದಿಲ್ಲದಿದ್ದರೆ ನಿದ್ದೆ ಬರಲ್ಲ! ಅವತ್ತಿನಿಂದ ಯಾರೇ ಬರಲಿ, ಕಷಾಯ ಕುಡಿದಾದ ಮೇಲೆ ಟಾರ್ಚ್ ಹಿಡಿದು ಮನೆ ಸುತ್ತ ಒಂದು ರೌಂಡ್ ಕರೆದುಕೊಂಡು ಹೋಗುತ್ತೇನೆ. ನೀರು ಈ ಚರಂಡಿಯಲ್ಲಿ ಹೋಗುತ್ತೆ, ಧರೆ ಅಷ್ಟು ದೂರ ಇದೆ, ಹೆದರಿಕೆಯಾದರೆ ನಮ್ಮ ಬಾಗಿಲು ತಟ್ಟಿ. ಆಮೇಲೆ ಮಲಗುತ್ತಾರೆ.

ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಅದು ಬೇರೆ ಕಥೆ ಬಿಡಿ.

ಸಾಗರದಿಂದ, ಟ್ಯಾಕ್ಸಿ ಓಡಿಸುವವನು:
2018–19ರ ಚಳಿಗಾಲದಲ್ಲಿ ನಮ್ಮ ಅರಳಗೋಡು ಕಡೆ ಮಂಗನ ಕಾಯಿಲೆಗೆ ಜನ ಸತ್ತರು. ಅದು ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಅಂತ ಎಷ್ಟು ಹೇಳಿದರೂ ಜೋಗಕ್ಕೆ ಬರುವವರು ಕೇಳಲಿಲ್ಲ. ನಾವು ಸ್ಟ್ಯಾಂಡಿನಲ್ಲಿ ಸುಮ್ನೆ ಇಸ್ಪೀಟ್ ಆಡಿಕೊಂಡು ಕೂತಿದ್ದೆವು. ಮಳೆ ಹಿಡಿದು ಜೋಗ ತುಂಬಿತು ನೋಡಿ, ಜನ ತಾವಾಗಿಯೇ ಬಂದರು. ನಿಮ್ಮದು ಉಲ್ಟಾ. ನಮಗೆ ಮಳೆ ಜನ ಕರೆತರುತ್ತೆ, ನಿಮ್ಮಲ್ಲಿ ಮಳೆಗೇ ಜನ ಹೆದರಿದ್ದಾರೆ. ಅದಕ್ಕೆ ಈಗಿನಿಂದ ಮೇ ತನಕದ ಗೆಸ್ಟ್ ಹಿಡಿಯಿರಿ, ಮಳೆಗಾಲದ ಚಿಂತೆ ಆಮೇಲೆ.

ಶಿವಮೊಗ್ಗದಿಂದ:
ಕಾಟೇಜ್ ವಿಷಯ ಯಾರೂ ಎತ್ತಲಿಲ್ಲವಲ್ಲ. ದಯವಿಟ್ಟು ಧರೆ ಕಡಿಸಬೇಡಿ. ಬುಡ ಕಡಿದರೆ ಮೇಲಿನ ಮಣ್ಣನ್ನು ಹಿಡಿದುಕೊಳ್ಳುವುದು ಯಾವುದು? ಅಪಾಯದ ಜಾಗದಲ್ಲಿ ಕಟ್ಟುವುದಕ್ಕಿಂತ ದೂರ ಸರಿಯುವುದೇ ಮೇಲು. ಕೇದಾರನಾಥಕ್ಕೆ ನಡೆಯುವ ದಾರಿಯಲ್ಲಿದ್ದ ರಾಮಬಾಡಾ ಅನ್ನುವ ಊರು 2013ರ ಪ್ರವಾಹಕ್ಕೆ ಪೂರ್ತಿ ಕೊಚ್ಚಿಹೋಯಿತು. ಆಮೇಲೆ ನಡೆಯುವ ದಾರಿಯನ್ನೇ ಮಂದಾಕಿನಿ ನದಿಯ ಆಚೆ ದಡಕ್ಕೆ ಸರಿಸಿದರು.

ವಯನಾಡಿನಲ್ಲಿ 2024ರ ಜುಲೈ 30ರಂದು ಮಣ್ಣುಪಾಲಾದದ್ದು ಮುಂಡಕ್ಕೈ, ಚೂರಲ್‌ಮಲ ಸುತ್ತಮುತ್ತ. ಬುಕಿಂಗ್ ಬಿದ್ದದ್ದು ಇಡೀ ಜಿಲ್ಲೆಯಲ್ಲಿ. ದೂರದವರಿಗೆ ಎಲ್ಲಾ ಒಂದೇ ಬೆಟ್ಟ. ತೀರ್ಥಹಳ್ಳಿ ಮೇಲೆ ಬಂದರೆ ನಿಮ್ಮ ಕುಸಿದ ಜಾಗ ಸಿಗುತ್ತಾ? ಸಿಗಲ್ಲ ಅಂದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.

ಕೊಪ್ಪದಿಂದ, ಗೃಹಿಣಿ:
ನನ್ನ ತವರು ಮಡಿಕೇರಿ ಕಡೆ. 2018ರಲ್ಲಿ ಗುಡ್ಡ ಜಾರಿದ ಜಾಗ ನೋಡಬೇಕು, ಫೋಟೋ ಬೇಕು ಅಂತ ಬರುವವರಿದ್ದರು. ಅಂಥವರನ್ನು ಕರೆದುಕೊಂಡು ಹೋಗಬೇಡಿ ಅಣ್ಣ. ಮನೆ ಕಳೆದುಕೊಂಡವರು ಅಲ್ಲೇ ನಿಂತಿರುತ್ತಾರೆ.

ಕೇಳಿದವರು:
ಕುಸಿದದ್ದು ಘಾಟಿ ಕಡೆ. ಶಿವಮೊಗ್ಗದಿಂದ ಬರುವವರಿಗೆ ಆ ಜಾಗ ಸಿಗುವುದೇ ಇಲ್ಲ. ನನಗೇ ಹೊಳೆದಿರಲಿಲ್ಲ ನೋಡಿ! ಜೆಸಿಬಿಯವರಿಗೆ ಸದ್ಯಕ್ಕೆ ಬೇಡ ಅಂದಿದ್ದೇನೆ. ಕೊಟ್ಟಿಗೆಹಾರದವರೇ, ವಿಡಿಯೋ ಕಳಿಸಲು ಗ್ರೂಪ್ ಮಾಡಿದ್ದಿರಾ?

ಕೊಟ್ಟಿಗೆಹಾರದ ಕಡೆಯಿಂದ:
ಇಲ್ಲ, ಒಬ್ಬೊಬ್ಬರಿಗೇ ಕಳಿಸುತ್ತಿದ್ದೆ. ಗ್ರೂಪ್ ಮಾಡಿದರೆ ಗುಡ್ ಮಾರ್ನಿಂಗ್ ಶುರುವಾಗುತ್ತೆ.