ಅಪ್‌ಡೇಟ್: 40 ರೂಪಾಯಿಯ ಆ ಹಳೇ ಪುಸ್ತಕ ಓದಿ ಮುಗಿಸಿದೆ

ಹೋದ ವಾರ ಕೇಳಿದ್ದೆನಲ್ಲ, ದಾವಣಗೆರೆಯಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಸಿಕ್ಕ ಹ್ಯಾರಿ ಹ್ಯಾರಿಸನ್ ಅವರ ‘ದಿ ಸ್ಟೇನ್‌ಲೆಸ್ ಸ್ಟೀಲ್ ರ‍್ಯಾಟ್’ ಓದಬಹುದಾ ಅಂತ? ಎರಡೇ ರಾತ್ರಿಯಲ್ಲಿ ಮುಗಿಸಿದೆ. 1961ರ ವೈಜ್ಞಾನಿಕ ಕಾದಂಬರಿ (ಸೈ-ಫೈ), ಆದರೆ ಹಳೇ ವಾಸನೆ ಬರೀ ಕಾಗದಕ್ಕೆ.

ಶುರುವಿನಲ್ಲೇ ಕಳ್ಳ ಜಿಮ್, ತನ್ನನ್ನು ಹಿಡಿಯಲು ಬಂದ ಪೊಲೀಸನ ತಲೆ ಮೇಲೆ ಮೂರು ಟನ್ ತಿಜೋರಿ ಬೀಳಿಸುತ್ತಾನೆ. ಧೂಳು ಇಳಿದ ಮೇಲೆ ಕಾಣುವುದು ಒಂದು ಕೈ ಮಾತ್ರ. ಅದರ ಬೆರಳು ಇವನನ್ನೇ ತೋರಿಸುತ್ತಿದೆ, ಕೆಳಗಿನಿಂದ ಆರೋಪಗಳ ಪಟ್ಟಿ ಕೇಳಿಸುತ್ತಲೇ ಇದೆ! ಆ ಪೊಲೀಸ್ ಮನುಷ್ಯನಲ್ಲ, ರೋಬೋಟ್. ನಾನು ನಕ್ಕ ಸದ್ದಿಗೆ ಅಮ್ಮ ಎದ್ದು ಬಂದರು.

ಕೊನೆ ಕೊನೆಗೆ ಸ್ವಲ್ಪ ಅವಸರ ಅನ್ನಿಸಿತು, ಇರಲಿ. ನಡುವೆ ಎರಡು ಹಾಳೆಗೆ ಮಿರ್ಚಿಯ ಎಣ್ಣೆ ಕಲೆ; ಹಿಂದಿನ ಓದುಗ ನಮ್ಮೂರಿನವನೇ, ಅಲ್ವಾ?

ಇದರ ಮುಂದಿನ ಭಾಗಗಳು ಯಾರ ಹತ್ತಿರವಾದರೂ ಇವೆಯಾ? ಬೆಣ್ಣೆ ದೋಸೆ ನನ್ನ ಕಡೆಯಿಂದ.